ರಣಜಿ ಆಡದವನು ಕೋಚ್ ಆಗಬಹುದೇ? ಸಿರುಗುಪ್ಪದ ಓದುಗರಿಗೆ ಉತ್ತರ

ಪ್ರಶ್ನೆ: ಸರ್, ನಮಸ್ಕಾರ. ನನಗೆ 27 ವರ್ಷ, ಸಿರುಗುಪ್ಪ ತಾಲ್ಲೂಕಿನವನು. ಬಳ್ಳಾರಿಯ ಒಂದು ಕ್ಲಬ್ ಪರವಾಗಿ ರಾಯಚೂರು ವಲಯದ ಲೀಗ್‌ನಲ್ಲಿ ವಿಕೆಟ್ ಕೀಪಿಂಗ್ ಮಾಡುತ್ತೇನೆ. ಓದುವಾಗ ವಿಶ್ವವಿದ್ಯಾಲಯ ತಂಡದಲ್ಲೂ ಇದ್ದೆ. ರಾಜ್ಯದ ಸಂಭವನೀಯರ ಪಟ್ಟಿಗೆ ಒಮ್ಮೆಯೂ ಬರಲಿಲ್ಲ. ಈಗ ಖಾಸಗಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಕ್ರಿಕೆಟ್ ಕೋಚ್ ಆಗಬೇಕೆಂಬ ಆಸೆ ಇದೆ. ‘ದೊಡ್ಡ ಮಟ್ಟದಲ್ಲಿ ಆಡದವನ ಮಾತು ಯಾರು ಕೇಳ್ತಾರೆ’ ಅಂತ ಮನೆಯಲ್ಲೂ ಗ್ರೌಂಡ್‌ನಲ್ಲೂ ಹೇಳುತ್ತಾರೆ. ನಮ್ಮ ರಾಯಚೂರಿನ ಯರೇಗೌಡರು ಭಾರತಕ್ಕೆ ಆಡದೆಯೇ ಕರ್ನಾಟಕದ ಕೋಚ್ ಆದರಲ್ಲ, ಅವರ ದಾರಿ ನನ್ನಂಥವನಿಗೂ ಆಗುತ್ತದಾ? ಬೆಂಗಳೂರಿಗೆ ಹೋಗಬೇಕಾ, ಇಲ್ಲೇ ಇರಬೇಕಾ? ಆಡುವುದನ್ನು ಈಗಲೇ ನಿಲ್ಲಿಸಬೇಕಾ?

ಉತ್ತರ: ಕೋಚ್ ಆಗಬಹುದು. ಮನೆಯವರು ಹೇಳುವ ಮಾತಿನಲ್ಲಿ ಅರ್ಧ ನಿಜವಿದೆ, ಅದನ್ನೂ ಮುಂದೆ ಬಿಡಿಸಿ ಹೇಳುತ್ತೇನೆ. ಮೊದಲು ನೀವೇ ಎತ್ತಿದ ಯರೇಗೌಡರ ವಿಷಯ. ನಮ್ಮ ಭಾಗದ ಹುಡುಗರು ಅವರ ಹೆಸರನ್ನು ಎದೆಯುಬ್ಬಿಸಿ ಹೇಳುತ್ತಾರೆ. ಅವರ ಆಟದ ಬದುಕು ಹೇಗೆ ಸಾಗಿತು ಅಂತ ಕೇಳಿದರೆ ಮಾತ್ರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕೋಚ್ ಆಗಬೇಕೆನ್ನುವವರು ಅದನ್ನು ತಿಳಿದಿರಲೇಬೇಕು.

ಅವರು ಹುಟ್ಟಿದ್ದು 1971ರಲ್ಲಿ, ರಾಯಚೂರಿನಲ್ಲಿ. ಕರ್ನಾಟಕ ತಂಡಕ್ಕೆ ಬಂದದ್ದು 1990ರ ದಶಕದ ಮಧ್ಯದಲ್ಲಿ. ಆಗಿನ ಕರ್ನಾಟಕ ತಂಡವನ್ನು ನೆನಪಿಸಿಕೊಳ್ಳಿ. 1995-96, 1997-98, 1998-99, ಹೀಗೆ ನಾಲ್ಕು ವರ್ಷದೊಳಗೆ ಮೂರು ಸಲ ರಣಜಿ ಗೆದ್ದ ತಂಡ ಅದು. ಕುಂಬ್ಳೆ, ಶ್ರೀನಾಥ್, ಪ್ರಸಾದ್, ದ್ರಾವಿಡ್, ಜೋಶಿ ಭಾರತ ತಂಡದ ಕರೆ ಬಂದು ಹೋದರೂ ಉಳಿದವರೇ ಎದುರಾಳಿಯನ್ನು ಮಣಿಸುತ್ತಿದ್ದ ಕಾಲ. ಅಂಥ ತಂಡದ ಮಧ್ಯಮ ಕ್ರಮಾಂಕದಲ್ಲಿ ಒಂದು ಜಾಗ ಹಿಡಿದು ನಿಲ್ಲುವುದು, ಅದರಲ್ಲೂ ಬೆಂಗಳೂರಿನಿಂದ ಇಷ್ಟು ದೂರದ ಊರಿನವರಿಗೆ, ಸುಲಭದ ಮಾತಾಗಿರಲಿಲ್ಲ.

ಅವರು ರೈಲ್ವೇಸ್ ತಂಡಕ್ಕೆ ಹೋದರು. ಆ ತಂಡಕ್ಕೆ ಆಡಬೇಕಾದರೆ ರೈಲ್ವೆ ನೌಕರನಾಗಿರಬೇಕು. ಐಪಿಎಲ್ ಶುರುವಾದದ್ದು 2008ರಲ್ಲಿ. ಅದಕ್ಕೂ ಮುಂಚೆ ದೇಶಿ ಆಟಗಾರನಿಗೆ ಬ್ಯಾಟ್‌ಗಿಂತ ನೌಕರಿಯೇ ಆಧಾರ. ಈಗ 40ಕ್ಕೂ ಹೆಚ್ಚು ಪಂದ್ಯ ಆಡಿದ ರಣಜಿ ಆಟಗಾರನಿಗೆ ದಿನಕ್ಕೆ 60 ಸಾವಿರ ರೂಪಾಯಿ ಎಂದು ಬಿಸಿಸಿಐ 2021ರಲ್ಲಿ ನಿಗದಿ ಮಾಡಿದೆ. ಆ ಕಾಲದಲ್ಲಿ ಇಂಥ ಮೊತ್ತವನ್ನು ಯಾರೂ ಕನಸಿನಲ್ಲೂ ಕಂಡಿರಲಿಲ್ಲ. ಸ್ಟಾರ್‌ಗಳು ಕಡಿಮೆ ಇದ್ದ, ದೇಶದ ಮೂಲೆಮೂಲೆಯಿಂದ ನೌಕರಿಗೆಂದು ಬಂದು ಸೇರಿದವರ ತಂಡ ರೈಲ್ವೇಸ್. 2000-01ರ ಫೈನಲ್‌ನಲ್ಲಿ ಬರೋಡಾಕ್ಕೆ ಸೋತಿತು. ಮರುವರ್ಷ ದೆಹಲಿಯ ಕರ್ನೈಲ್ ಸಿಂಗ್ ಮೈದಾನದಲ್ಲಿ ಅದೇ ಬರೋಡಾವನ್ನು ಸೋಲಿಸಿ ಮೊದಲ ಬಾರಿ ರಣಜಿ ಗೆದ್ದಿತು. 2004-05ರಲ್ಲಿ ಪಂಜಾಬ್ ವಿರುದ್ಧ ಗೆದ್ದು ಎರಡನೇ ಸಲ ಚಾಂಪಿಯನ್ ಆಯಿತು. ಆ ವರ್ಷಗಳಲ್ಲಿ ತಂಡದ ಮಧ್ಯಮ ಕ್ರಮಾಂಕದ ಬೆನ್ನೆಲುಬು ನಮ್ಮ ಯರೇಗೌಡರು. ಹೊಡೆತಗಳ ಆಟಗಾರ ಎಂದು ಅವರನ್ನು ಯಾರೂ ಕರೆಯಲಿಲ್ಲ. ಎರಡು ವಿಕೆಟ್ ಬೇಗ ಬಿದ್ದಾಗ ಬಂದು, ದಿನವಿಡೀ ನಿಂತು, ಬೌಲರ್‌ಗಳು ಸುಸ್ತಾದ ಮೇಲೆ ರನ್ ಮಾಡುವ ಆಟ ಅವರದು. ರಣಜಿಯಲ್ಲಿ 100ಕ್ಕೂ ಹೆಚ್ಚು ಪಂದ್ಯ, ಪ್ರಥಮ ದರ್ಜೆಯಲ್ಲಿ (ರಣಜಿಯಂಥ ಹಲವು ದಿನಗಳ ಪಂದ್ಯಗಳಲ್ಲಿ) 7,000ಕ್ಕೂ ಹೆಚ್ಚು ರನ್. ಭಾರತ ತಂಡದ ಕ್ಯಾಪ್ ಮಾತ್ರ ಸಿಗಲಿಲ್ಲ. ಆಮೇಲೆ ಕರ್ನಾಟಕಕ್ಕೆ ಮರಳಿ ಬಂದರು, ನಾಯಕರೂ ಆದರು.

ಈ ಬದುಕಿನಲ್ಲಿ ಕೋಚ್ ಒಬ್ಬ ತಯಾರಾಗುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ದಿಗ್ಗಜರು ತುಂಬಿದ ಡ್ರೆಸಿಂಗ್ ರೂಮಿನಲ್ಲಿ ಜಾಗಕ್ಕಾಗಿ ಕಾಯುವವನ ಮನಸ್ಸು ಹೇಗಿರುತ್ತದೆ ಅಂತ ಅವರಿಗೆ ಗೊತ್ತು. ದಿಗ್ಗಜರಿಲ್ಲದ ತಂಡ ಕಪ್ ಗೆಲ್ಲಬೇಕಾದರೆ ಏನೇನು ಮಾಡಬೇಕು ಅಂತಲೂ ಗೊತ್ತು. ತನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರನ್ನು ನಡೆಸುವುದೂ ಗೊತ್ತು. ಇಪ್ಪತ್ತೆರಡರಲ್ಲೇ ಭಾರತಕ್ಕೆ ಆಡಿದವರಿಗೆ ಇದರಲ್ಲಿ ಮೊದಲಿನ ಎರಡು ಸಿಗುವುದೇ ಕಷ್ಟ.

2018-19ರ ಸೀಸನ್‌ಗೆ ಅವರು ಕರ್ನಾಟಕದ ಮುಖ್ಯ ಕೋಚ್ ಆದರು. ಬೌಲಿಂಗ್ ಕೋಚ್ ಆಗಿ ಎಸ್. ಅರವಿಂದ್ ಜೊತೆಗಿದ್ದರು. 2019ರ ಮಾರ್ಚ್‌ನಲ್ಲಿ ಇಂದೋರ್‌ನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಸೈಯದ್ ಮುಷ್ತಾಕ್ ಅಲಿ ಟಿ20 ಟ್ರೋಫಿ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿಯಲ್ಲಿ ತಮಿಳುನಾಡಿನ ವಿರುದ್ಧ ವಿಜಯ್ ಹಜಾರೆ ಏಕದಿನ ಟೂರ್ನಿಯ ಫೈನಲ್ ಗೆದ್ದರು. ವೇಗಿ ಅಭಿಮನ್ಯು ಮಿಥುನ್ ತಮ್ಮ ಹುಟ್ಟುಹಬ್ಬದ ದಿನ ಹ್ಯಾಟ್ರಿಕ್ ತೆಗೆದದ್ದು ಅದೇ ಪಂದ್ಯ. ಡಿಸೆಂಬರ್ 1ರಂದು ಸೂರತ್‌ನಲ್ಲಿ ಮತ್ತೆ ತಮಿಳುನಾಡು, ಮತ್ತೆ ಮುಷ್ತಾಕ್ ಅಲಿ ಫೈನಲ್, ಒಂದೇ ಒಂದು ರನ್‌ನ ಗೆಲುವು. ಇಷ್ಟೆಲ್ಲ ಗೆದ್ದ ತಂಡವೇ ರಣಜಿಯಲ್ಲಿ ಎರಡು ಸೀಸನ್ ಸೆಮಿಫೈನಲ್‌ನಲ್ಲಿ ನಿಂತಿತು. ಮೊದಲು ಬೆಂಗಳೂರಿನಲ್ಲಿ ಸೌರಾಷ್ಟ್ರದೆದುರು, ಪೂಜಾರ ಶತಕ ಬಾರಿಸಿ ಪಂದ್ಯ ಕಸಿದುಕೊಂಡರು. ಮರುವರ್ಷ ಈಡನ್ ಗಾರ್ಡನ್ಸ್‌ನಲ್ಲಿ ಬಂಗಾಳದೆದುರು. ಕೋಚ್‌ನ ಕೆಲಸ ಬೇಕು ಅನ್ನುವವರು ಈ ಎರಡು ಸೋಲನ್ನೂ ಆ ಮೂರು ಗೆಲುವಿನ ಪಕ್ಕದಲ್ಲೇ ಇಟ್ಟು ನೋಡಬೇಕು. ಒಂದೇ ಕೋಚ್, ಹೆಚ್ಚುಕಡಿಮೆ ಅದೇ ಹುಡುಗರು.

ಈಗ ನಿಮ್ಮ ಮನೆಯವರ ಅರ್ಧ ನಿಜಕ್ಕೆ ಬರುತ್ತೇನೆ. ರಾಜ್ಯದ ಹಿರಿಯರ ತಂಡಕ್ಕೆ ಕೋಚ್ ಬೇಕಾದಾಗ ಬಹುಮಟ್ಟಿಗೆ ಪ್ರಥಮ ದರ್ಜೆ ಆಡಿದವರನ್ನೇ ನೋಡುತ್ತಾರೆ. 2013-14 ಮತ್ತು 2014-15ರಲ್ಲಿ ಕರ್ನಾಟಕಕ್ಕೆ ರಣಜಿ, ಇರಾನಿ ಕಪ್, ಹಜಾರೆ ಮೂರನ್ನೂ ಎರಡೂ ಸಲ ಗೆಲ್ಲಿಸಿಕೊಟ್ಟ ಜೆ. ಅರುಣ್ ಕುಮಾರ್ ಭಾರತಕ್ಕೆ ಆಡಿದವರಲ್ಲ, ಆದರೆ ಕರ್ನಾಟಕದ ಆರಂಭಿಕ ಬ್ಯಾಟ್ಸ್‌ಮನ್ ಆಗಿ ವರ್ಷಗಟ್ಟಲೆ ಆಡಿದವರು. ಅಮೋಲ್ ಮಜುಂದಾರ್ ಅವರನ್ನೇ ನೋಡಿ. ಮೊದಲ ರಣಜಿ ಪಂದ್ಯದಲ್ಲೇ 260, ಒಟ್ಟು 11,167 ರನ್, 30 ಶತಕ. ಒಂದು ಟೆಸ್ಟ್ ಕೂಡ ಸಿಗಲಿಲ್ಲ. 2023ರಲ್ಲಿ ಭಾರತದ ಮಹಿಳಾ ತಂಡದ ಕೋಚ್ ಆದರು, 2025ರ ನವೆಂಬರ್ 2ರಂದು ನವಿ ಮುಂಬೈನಲ್ಲಿ ದಕ್ಷಿಣ ಆಫ್ರಿಕಾವನ್ನು ಸೋಲಿಸಿ ವಿಶ್ವಕಪ್ ಎತ್ತಿದ ತಂಡ ಅವರದು. ಇವರೆಲ್ಲ ಭಾರತದ ಕ್ಯಾಪ್ ಇಲ್ಲದವರು, ಆದರೆ ರಣಜಿ ಉಂಡವರು. ಹಾಗಾಗಿ ಯರೇಗೌಡರ ಹುದ್ದೆಯ ಮೇಲೆ ಇವತ್ತೇ ಕಣ್ಣಿಡಬೇಡಿ ಅಂತ ನೇರವಾಗಿ ಹೇಳುತ್ತೇನೆ.

ಆದರೆ ಆ ಮಜುಂದಾರ್‌ಗೆ ಬ್ಯಾಟ್ ಹಿಡಿಯಲು ಕಲಿಸಿದವರು ಯಾರು? ಶಿವಾಜಿ ಪಾರ್ಕಿನ ರಮಾಕಾಂತ್ ಅಚ್ರೇಕರ್. ಸಚಿನ್ ತೆಂಡೂಲ್ಕರ್ ಗುರುವೂ ಅವರೇ. ಅಚ್ರೇಕರ್ ಆಡಿದ್ದು ಒಂದೇ ಒಂದು ಪ್ರಥಮ ದರ್ಜೆ ಪಂದ್ಯ. 1990ರಲ್ಲಿ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಹತ್ತರಿಂದ ಹದಿನಾರು ವಯಸ್ಸಿನವರೆಗೆ ಮಗುವಿನ ಆಟವನ್ನು ಕಟ್ಟುವವನು ಒಬ್ಬ, ಇಪ್ಪತ್ತೈದರ ಆಟಗಾರನನ್ನು ಪಂದ್ಯಕ್ಕೆ ಸಜ್ಜು ಮಾಡುವವನು ಇನ್ನೊಬ್ಬ. ಎರಡಕ್ಕೂ ಕೋಚ್ ಅನ್ನುತ್ತೇವೆ, ಕೆಲಸ ಬೇರೆ ಬೇರೆ. ಬಳ್ಳಾರಿ, ರಾಯಚೂರು, ಕೊಪ್ಪಳಕ್ಕೆ ಈಗ ತುರ್ತಾಗಿ ಬೇಕಿರುವುದು ಮೊದಲಿನವರು. ಆ ಕೆಲಸಕ್ಕೆ ನಿಮ್ಮನ್ನು ಯಾರೂ ನಿಮ್ಮ ರಣಜಿ ಸ್ಕೋರ್ ಕೇಳುವುದಿಲ್ಲ.

ಯಾಕೆ ತುರ್ತು ಅನ್ನುತ್ತೇನೆಂದರೆ, ನಮ್ಮ ಮಕ್ಕಳ ಸಮಸ್ಯೆಯೇ ಬೇರೆ. ಬೆಂಗಳೂರಿನ ಪುಸ್ತಕದ ಪಾಠ ಅದಕ್ಕೆ ಸಾಲದು.

ನಮ್ಮ ಹುಡುಗರು ಬೆಳೆಯುವುದು ಮ್ಯಾಟ್ ಮೇಲೆ. ಕೆಳಗೆ ಗರಸು ಅಥವಾ ಸಿಮೆಂಟು, ಮೇಲೆ ಮ್ಯಾಟು. ಚೆಂಡು ಒಂದೇ ಸಮನಾಗಿ, ಎತ್ತರಕ್ಕೆ ಪುಟಿಯುತ್ತದೆ. ಹುಡುಗ ಕ್ರೀಸಿನಲ್ಲೇ ನಿಂತು ಕಟ್, ಪುಲ್ ಚೆನ್ನಾಗಿ ಕಲಿಯುತ್ತಾನೆ. ಬ್ಯಾಟ್ ಎತ್ತರದಲ್ಲೇ ಕಾಯುತ್ತಿರುತ್ತದೆ, ಭಾರ ಹಿಂದಿನ ಕಾಲ ಮೇಲೆ. ಇಲ್ಲಿ ನಾಲ್ಕು ಅರ್ಧಶತಕ ಹೊಡೆದವನನ್ನು ಆಯ್ಕೆಗೆ ಕಳಿಸುತ್ತೇವೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಕೂತು ಹೋಗಿ, ಬೆಳಿಗ್ಗೆ ಟರ್ಫ್ ವಿಕೆಟ್ (ಮಣ್ಣು-ಹುಲ್ಲಿನ ಪಿಚ್) ಮೇಲೆ ನಿಲ್ಲುತ್ತಾನೆ. ಚೆಂಡು ಪಾದದ ಗಂಟಿನ ಮಟ್ಟದಲ್ಲಿ ಜಾರಿ ಬರುತ್ತದೆ. ಬ್ಯಾಟ್ ಕೆಳಗಿಳಿಯುವಷ್ಟರಲ್ಲಿ ಪ್ಯಾಡಿಗೆ ಬಡಿದಿರುತ್ತದೆ. ಆಯ್ಕೆಗಾರರ ಮುಂದೆ ಅವನಿಗೆ ಸಿಗುವುದು ಕೆಲವೇ ಚೆಂಡು. ಊರಿಗೆ ಬಂದವನು ‘ನಮ್ಮ ಕಡೆಯವರನ್ನು ತಗೊಳ್ಳಲ್ಲ ಸಾರ್’ ಅನ್ನುತ್ತಾನೆ. ಕಡೆಗಣಿಸುವುದೂ ಇದೆ, ಅದಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಆ ಹುಡುಗನನ್ನು ಔಟ್ ಮಾಡಿದ್ದು ಚೆಂಡಿನ ಎತ್ತರ. ಅದನ್ನು ಮೊದಲೇ ಹೇಳಿ ತಯಾರು ಮಾಡಬೇಕಾದವನು ಇಲ್ಲಿನ ಕೋಚ್.

ಬೌಲರ್‌ಗಳ ಕಥೆ ಇನ್ನೂ ಬೇಜಾರಿನದು. ಮ್ಯಾಟ್ ಮೇಲೆ ಕಟರ್ (ಬೆರಳಿನಿಂದ ಉಜ್ಜಿ ತಿರುಗಿಸುವ ಚೆಂಡು) ಹಾಕಿದರೆ ಚೆಂಡು ಕಚ್ಚಿ ತಿರುಗುತ್ತದೆ, ಹುಡುಗನಿಗೆ ಸುಲಭವಾಗಿ ವಿಕೆಟ್ ಸಿಗುತ್ತದೆ. ಟರ್ಫ್ ಮೇಲೆ ಅದೇ ಕಟರ್ ನೇರವಾಗಿ, ನಿಧಾನವಾಗಿ ಹೋಗಿ ಬ್ಯಾಟಿಗೆ ಸಿಗುತ್ತದೆ. ಮ್ಯಾಟು ಚೆಂಡನ್ನು ಬೇಗ ಉಜ್ಜಿ ಹಾಕುವುದರಿಂದ ಸೀಮ್ ನೆಟ್ಟಗೆ ಬಿಡುವ, ಒಂದು ಬದಿಯ ಹೊಳಪು ಕಾಯುವ ಅಭ್ಯಾಸವೇ ಅವನಿಗೆ ಇರುವುದಿಲ್ಲ. ಇನ್ನು ಶೂ. ಮ್ಯಾಟ್ ಮೇಲೆ ಸ್ಪೈಕ್ಸ್ ಹಾಕುವಂತಿಲ್ಲ, ಹಾಗಾಗಿ ಹುಡುಗರ ಹತ್ತಿರ ರಬ್ಬರ್ ಸೋಲ್ ಮಾತ್ರ. ಬೆಳಗಿನ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಅದೇ ಶೂನಲ್ಲಿ ಓಡಿ ಬಂದು ಮುಂಗಾಲು ಊರುವಾಗ ಜಾರುತ್ತದೆ. ಎರಡು ಸಲ ಜಾರಿದ ಮೇಲೆ ಹೆದರಿಕೆಯಿಂದ ಓಟ ನಿಧಾನವಾಗುತ್ತದೆ, ಅದರ ಜೊತೆಗೆ ವೇಗವೂ ಹೋಗುತ್ತದೆ. ಕಂಪ್ಲಿ ಕಡೆಯ ಒಬ್ಬ ಎಡಗೈ ವೇಗಿ ಹೀಗೆ ಬೆಂಗಳೂರಿನಲ್ಲಿ ಅರ್ಧ ಓಟದಲ್ಲಿ ನಿಂತು ಬೌಲ್ ಮಾಡಿದ್ದನ್ನು ನಾನು ಬೌಂಡರಿ ಗೆರೆಯಾಚೆ ನಿಂತು ನೋಡಿದ್ದೇನೆ. ಇಲ್ಲಿ ಅವನ ಚೆಂಡು ಕೀಪರ್ ಕೈಗೆ ಎದೆಮಟ್ಟದಲ್ಲಿ ಬಡಿಯುತ್ತಿತ್ತು, ಅಲ್ಲಿ ಎರಡನೇ ಪಿಚ್ ಬಿದ್ದು ಹೋಗುತ್ತಿತ್ತು. ಪಕ್ಕದಲ್ಲಿ ನಿಂತಿದ್ದವರೊಬ್ಬರು ‘ಪೇಸ್ ಇಲ್ಲ’ ಅಂದರು. ಅವನ ಕಾಲನ್ನು ಯಾರೂ ನೋಡಿರಲಿಲ್ಲ.

ಇದಕ್ಕೆ ದುಡ್ಡು ಸುರಿಯಬೇಕಿಲ್ಲ. ಒದ್ದೆ ಮಾಡಿದ ಟೆನಿಸ್ ಬಾಲ್ ಅಥವಾ ಗಟ್ಟಿ ಪ್ಲಾಸ್ಟಿಕ್ ಬಾಲ್ ತೆಗೆದುಕೊಂಡು, ಬರಿ ಸಿಮೆಂಟಿನ ಮೇಲೆ, ಮಂಡಿಯೂರಿ ಕೂತು ತಗ್ಗಿನಿಂದ ಥ್ರೋ ಮಾಡಿ. ಚೆಂಡು ಜಾರುತ್ತದೆ, ಹುಡುಗ ಮೊಣಕಾಲು ಬಗ್ಗಿಸಲೇಬೇಕಾಗುತ್ತದೆ, ತಲೆ ಚೆಂಡಿನ ಮೇಲೆ ಬರಲೇಬೇಕಾಗುತ್ತದೆ. ಮ್ಯಾಟನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆದರೆ ವೇಗ ಬರುತ್ತದೆ, ಸ್ವಲ್ಪ ಸಡಿಲ ಬಿಟ್ಟರೆ ತಿರುವು ಬರುತ್ತದೆ. ಎರಡರ ಮೇಲೂ ಆಡಿಸಿ. ಇಡೀ ಬ್ಯಾಚಿಗೆ ಎರಡು ಮೂರು ಸೈಜಿನ ಸ್ಪೈಕ್ಸ್ ಹಂಚಿಕೊಂಡು ಬಳಸುವಂತೆ ಇಟ್ಟುಕೊಳ್ಳಿ. ಹುಲ್ಲಿರುವ ಔಟ್‌ಫೀಲ್ಡ್ ಸಿಕ್ಕ ಕಡೆ ರನ್‌ಅಪ್ ಓಡಿಸಿ, ಪಿಚ್ ಇಲ್ಲದಿದ್ದರೂ ಪರವಾಗಿಲ್ಲ.

ಟೆನಿಸ್ ಬಾಲ್ ಟೂರ್ನಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ನಮ್ಮಲ್ಲಿ ನಗದು ಬಹುಮಾನದ ಟೂರ್ನಿ ಹಳ್ಳಿಹಳ್ಳಿಯಲ್ಲಿ ನಡೆಯುತ್ತದೆ, ಬಡವರ ಮಕ್ಕಳಿಗೆ ಅದು ಕೈಖರ್ಚು. ‘ಆಡಬೇಡ’ ಅಂದರೆ ಹುಡುಗ ನಿಮ್ಮನ್ನು ಬಿಟ್ಟು ಹೋಗುತ್ತಾನೆ, ಟೂರ್ನಿಯನ್ನಲ್ಲ. ಲೀಗ್ ಶುರುವಾಗುವ ಮುಂಚಿನ ತಿಂಗಳು ಮಾತ್ರ ಬೇಡ ಅಂತ ಒಪ್ಪಿಸಿ. ವೇಗವಾಗಿ ಟೆನಿಸ್ ಬಾಲ್ ಹಾಕುವವರ ಮೊಣಕೈ ಮೇಲೆ ಕಣ್ಣಿಡಿ. ಜೋರು ಬರಲೆಂದು ಕೈ ಮಡಚುವ ಚಟ ಹದಿನಾಲ್ಕರಲ್ಲಿ ತಿದ್ದಿದರೆ ಹೋಗುತ್ತದೆ, ಹತ್ತೊಂಬತ್ತರಲ್ಲಿ ಬಹಳ ಕಷ್ಟ.

ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕಿಲ್ಲ. ಏಪ್ರಿಲ್, ಮೇ ಕ್ಯಾಂಪ್ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಎಂಟೂವರೆಗೆ ಮುಗಿಸಿ. ಉಪ್ಪು-ಲಿಂಬೆಯ ಶರಬತ್ತು ಗ್ರೌಂಡ್‌ನಲ್ಲೇ ಇರಲಿ. ಒಗ್ಗಾಣಿ-ಮಿರ್ಚಿ ನಮ್ಮೆಲ್ಲರ ಪ್ರಾಣ, ನಿಜ. ಆದರೆ ಬೆಳೆಯುವ ವೇಗಿಗೆ ಮೊಟ್ಟೆ, ಶೇಂಗಾ, ಬೇಯಿಸಿದ ಕಾಳು ಬೇಕು ಅಂತ ತಾಯಂದಿರನ್ನು ಕರೆದು ಹೇಳಿ. ಅಪ್ಪಂದಿರಿಗಿಂತ ಅವರು ಬೇಗ ಜಾರಿಗೆ ತರುತ್ತಾರೆ.

ನೀವು ಕೀಪರ್ ಅನ್ನುವುದು ನನಗೆ ಬಹಳ ಖುಷಿ ಕೊಟ್ಟಿತು. ಬ್ಯಾಟ್ಸ್‌ಮನ್‌ನ ಪಾದ, ಬೌಲರ್‌ನ ಮಣಿಕಟ್ಟು, ಫೀಲ್ಡಿಂಗ್‌ನ ತೂತು, ಮೂರನ್ನೂ ಒಂದೇ ಜಾಗದಿಂದ ಕಾಣುವವನು ಕೀಪರ್ ಒಬ್ಬನೇ. ಇಷ್ಟು ವರ್ಷ ನೋಡಿದ್ದೀರಿ, ಇನ್ನು ಮೇಲೆ ಬರೆದಿಡಿ. ಪಂದ್ಯ ಮುಗಿದ ರಾತ್ರಿ ಎದುರಾಳಿಯ ಒಬ್ಬ ಬ್ಯಾಟ್ಸ್‌ಮನ್ ಬಗ್ಗೆ ಅರ್ಧ ಪುಟ: ಮೊದಲ ಹತ್ತು ಚೆಂಡಿಗೆ ಅವನ ಮುಂಗಾಲು ಎಲ್ಲಿಗೆ ಹೋಯಿತು, ಸ್ಪಿನ್ ಬಂದಾಗ ಏನು ಬದಲಾಯಿತು, ಹೇಗೆ ಔಟಾದ. ಒಂದು ಸೀಸನ್ ಹೀಗೆ ಬರೆದವರಿಗೆ ಕೋರ್ಸ್‌ನ ಪಾಠ ಬೇಗ ತಲೆಗೆ ಹೋಗುತ್ತದೆ. ಯರೇಗೌಡರಂಥವರಲ್ಲಿ ನಾನು ಗೌರವಿಸುವುದು ಇದನ್ನೇ. ದಿನಗಟ್ಟಲೆ ಕ್ರೀಸಿನಲ್ಲಿ ನಿಂತವರು ಸ್ಕೋರ್‌ಬೋರ್ಡ್ ಮಾತ್ರ ನೋಡುತ್ತಾ ನಿಂತಿರುವುದಿಲ್ಲ. ಎದುರಿಗೆ ನಡೆಯುವುದನ್ನೆಲ್ಲ ಓದುತ್ತಿರುತ್ತಾರೆ. ರಣಜಿಯಲ್ಲಿ ಓದಬೇಕಾದ್ದು ಹೆಚ್ಚು, ವಲಯದ ಲೀಗ್‌ನಲ್ಲಿ ಕಡಿಮೆ, ಅಷ್ಟೇ ವ್ಯತ್ಯಾಸ. ಆ ಕಣ್ಣು ಇಲ್ಲದೆ ನೂರು ಪಂದ್ಯ ಆಡಿ ಕೋಚ್ ಆದವರನ್ನೂ ಕಂಡಿದ್ದೇನೆ. ‘ನಮ್ಮ ಕಾಲದಲ್ಲಿ’ ಅನ್ನುವುದು ಬಿಟ್ಟು ಮಕ್ಕಳಿಗೆ ಕೊಡಲು ಅವರ ಹತ್ತಿರ ಬೇರೇನೂ ಇರುವುದಿಲ್ಲ.

ಸರ್ಟಿಫಿಕೇಟ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬಿಸಿಸಿಐ ಕೋಚಿಂಗ್‌ನಲ್ಲಿ ಲೆವೆಲ್ 1, 2, 3 ಎಂಬ ಮೆಟ್ಟಿಲುಗಳಿವೆ. ಅಲ್ಲಿಗೆ ಹೋಗುವ ದಾರಿ ರಾಜ್ಯ ಸಂಸ್ಥೆಯ ಮೂಲಕ, ಹಾಗಾಗಿ ನಿಮ್ಮ ಕ್ಲಬ್‌ನ ಕಾರ್ಯದರ್ಶಿಗೆ ಹೇಳಿ ವಲಯದ ಕಚೇರಿಯಲ್ಲಿ ಹೆಸರು ಕೊಟ್ಟಿಡಿ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಅಂದರೆ ಎನ್‌ಐಎಸ್‌ನ ಡಿಪ್ಲೊಮಾ ಇನ್ನೊಂದು ದಾರಿ. ಅದರದೇ ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಶಾಲೆಯಲ್ಲಿ ಕೆಲಸ ಮಾಡುವ ನಿಮಗೆ ರಜೆಯಲ್ಲಿ ಈ ಚಿಕ್ಕ ಕೋರ್ಸ್ ಹೊಂದುತ್ತದೆ, ಶಾಲೆಯ ಆಡಳಿತ ಮಂಡಳಿಯೂ ಎನ್‌ಐಎಸ್ ಅಂದರೆ ಬೆಲೆ ಕೊಡುತ್ತದೆ. ಅಂಪೈರಿಂಗ್ ಪರೀಕ್ಷೆಯನ್ನೂ ಬರೆದುಬಿಡಿ. ನಿಯಮ ಗೊತ್ತಿಲ್ಲದ ಕೋಚ್‌ನಿಂದ ಮಕ್ಕಳು ಪಂದ್ಯದಲ್ಲಿ ಜಗಳ ಕಲಿಯುತ್ತಾರೆ.

ಬೆಂಗಳೂರಿಗೆ ವಾಸ ಬದಲಿಸಬೇಡಿ ಅನ್ನುವುದು ನನ್ನ ಸಲಹೆ. ಅಲ್ಲಿನ ದೊಡ್ಡ ಅಕಾಡೆಮಿಯಲ್ಲಿ ನಿಮಗೆ ಸಿಗುವುದು ನಾಲ್ಕನೇ ನೆಟ್‌ನಲ್ಲಿ ಥ್ರೋಡೌನ್ ಕೆಲಸ, ಸಂಬಳ ಬಾಡಿಗೆಗೆ ಹೋಗುತ್ತದೆ. ಇಲ್ಲಿ ಒಂದು ಇಡೀ ಬ್ಯಾಚ್ ನಿಮ್ಮದು. ನೋಡುವುದಕ್ಕೆ ಮಾತ್ರ ಹೋಗಿ ಬನ್ನಿ. ಹುಬ್ಬಳ್ಳಿಯ ರಾಜನಗರ ಮೈದಾನದಲ್ಲಿ ರಣಜಿ ಪಂದ್ಯ ಬಿದ್ದರೆ ನಾಲ್ಕೂ ದಿನ ಅಲ್ಲಿರಿ. ಬಳ್ಳಾರಿಯಿಂದ ರೈಲಿದೆ, ಕೊಪ್ಪಳ, ಗದಗ ದಾಟಿದರೆ ಹುಬ್ಬಳ್ಳಿ. ಅರ್ಧ ದಿನ ಸೈಟ್‌ಸ್ಕ್ರೀನ್ ಹಿಂದೆ ಕೂತು ಲೈನ್ ನೋಡಿ, ಅರ್ಧ ದಿನ ಪಕ್ಕದಿಂದ ಲೆಂಗ್ತ್ ಮತ್ತು ಕಾಲಿನ ಚಲನೆ ನೋಡಿ. ಊಟದ ವಿರಾಮಕ್ಕೆ ಮುಂಚೆ ಕೋಚ್‌ಗಳು ಯಾರ ಜೊತೆ ಎಷ್ಟು ಹೊತ್ತು ಮಾತಾಡುತ್ತಾರೆ, ಯಾರನ್ನು ಸುಮ್ಮನೆ ಬಿಡುತ್ತಾರೆ, ಅದನ್ನೂ ಗಮನಿಸಿ.

ಇನ್ನೊಂದು ಮಾತು. ಹೆಣ್ಣುಮಕ್ಕಳ ಬ್ಯಾಚ್ ಶುರು ಮಾಡಿ. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ (ಡಬ್ಲ್ಯುಪಿಎಲ್) ಬಂದ ಮೇಲೆ, ಅದರಲ್ಲೂ ವಿಶ್ವಕಪ್ ಗೆದ್ದ ಮೇಲೆ, ನಮ್ಮೂರುಗಳಲ್ಲೂ ಅಪ್ಪಂದಿರು ಮಗಳ ಕೈ ಹಿಡಿದು ನೆಟ್ಸ್‌ಗೆ ಬರುತ್ತಿದ್ದಾರೆ. ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲರ ಹೆಸರು ಹೇಳಿಕೊಂಡು ಬರುತ್ತಾರೆ. ಕಲಿಸುವವರು ಬಹಳ ಕಡಿಮೆ. ನೀವು ಶಾಲೆಯ ಮೇಷ್ಟ್ರು, ಪೋಷಕರಿಗೆ ಗುರುತಿನವರು, ನಿಮ್ಮನ್ನು ನಂಬಿ ಕಳಿಸುತ್ತಾರೆ. ಜೊತೆಗೆ ಒಬ್ಬ ಮಹಿಳಾ ಸಹಾಯಕಿ ಇರಲಿ. ಬಟ್ಟೆ ಬದಲಿಸಲು ಒಂದು ಕೋಣೆ, ಒಂದು ಶೌಚಾಲಯ ಇವೆರಡನ್ನು ಮೊದಲು ಹೊಂದಿಸಿಕೊಳ್ಳಿ. ಇವಿಲ್ಲದೆ ಎಷ್ಟೋ ಹುಡುಗಿಯರು ಎರಡನೇ ತಿಂಗಳಿಗೆ ಬರುವುದು ಬಿಡುತ್ತಾರೆ.

ಆಡುವುದನ್ನು ನಿಲ್ಲಿಸಬೇಡಿ. 27 ಏನೂ ಆಗಿಲ್ಲ. ಲೀಗ್ ಆಡುತ್ತಿರುವ ಕೋಚ್ ಹೇಳಿದ್ದನ್ನು ಭಾನುವಾರ ಮಾಡಿಯೂ ತೋರಿಸುತ್ತಾನೆ, ಹದಿಮೂರರ ಹುಡುಗನಿಗೆ ಅದೇ ದೊಡ್ಡ ಪುರಾವೆ. ನಿಮ್ಮ ಮಾತು ಯಾರು ಕೇಳುತ್ತಾರೆ ಅನ್ನುವ ಮನೆಯವರ ಪ್ರಶ್ನೆಗೆ ನಿಮ್ಮ ಬ್ಯಾಚಿನ ಮಕ್ಕಳೇ ಉತ್ತರ ಕೊಡುತ್ತಾರೆ, ನೀವು ವಾದಕ್ಕೆ ಇಳಿಯಬೇಡಿ. ಹದಿನಾಲ್ಕರ ಒಳಗಿನ ಹನ್ನೆರಡು ಹದಿನೈದು ಮಕ್ಕಳು ಸಾಕು, ಹೆಚ್ಚು ಬೇಡ. ಅದಕ್ಕಿಂತ ಜಾಸ್ತಿಯಾದರೆ ಒಬ್ಬೊಬ್ಬರ ಕಾಲು, ಕೈ ನೋಡಲು ಆಗುವುದಿಲ್ಲ. ಈ ವಾರವೇ ನಿಮ್ಮ ಮುಖ್ಯೋಪಾಧ್ಯಾಯರನ್ನು ಕಂಡು, ಶಾಲೆ ಶುರುವಾಗುವ ಮುಂಚೆ ಮೈದಾನವನ್ನು ಒಂದೂವರೆ ಗಂಟೆ ಬಿಟ್ಟುಕೊಡುವಂತೆ ಬರವಣಿಗೆಯಲ್ಲಿ ಕೇಳಿ. ಒಪ್ಪಿದರೆ ಹಳೆಯ ಮ್ಯಾಟು ಯಾವ ಕ್ಲಬ್‌ನಲ್ಲಿ ಬಿದ್ದಿದೆ ಅಂತ ವಿಚಾರಿಸಿ. ಹೊಸದು ಕೊಂಡ ಕ್ಲಬ್‌ನವರು ಹಳೆಯದನ್ನು ಕೇಳಿದವರಿಗೆ ಕೊಟ್ಟುಬಿಡುತ್ತಾರೆ, ಹರಿದ ತುದಿಯನ್ನು ಗೋಣಿದಾರದಿಂದ ಹೊಲಿದರೆ ಎರಡು ವರ್ಷ ಬರುತ್ತದೆ.